ಇಂಗ್ಲಿಷಿನ ‘ನಟ್’ ಸ್ಪ್ಯಾನಿಷ್‌ನಲ್ಲಿ ಅಕ್ರೋಟ ಆಗುವುದು ಯಾಕೆ?

ಪ್ರಶ್ನೆ: ಬೆಳಗಾವಿ ಉದ್ಯಮಬಾಗದ ಒಂದು ಫೌಂಡ್ರಿಯ ಎಕ್ಸ್‌ಪೋರ್ಟ್ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ಗಿರಾಕಿಗಳಲ್ಲಿ ಒಬ್ಬರು ಮೆಕ್ಸಿಕೋದವರು, ಒಬ್ಬರು ಸ್ಪೇನಿನವರು. ನಾನು ಮತ್ತು ಇಬ್ಬರು ಸಹೋದ್ಯೋಗಿಗಳು ಸ್ಪ್ಯಾನಿಷ್ ಕಲಿಯುತ್ತಿದ್ದೇವೆ; ಮುಂದೆ ಡೆಲೆ ಎಂಬ ಸ್ಪ್ಯಾನಿಷ್ ಭಾಷಾಜ್ಞಾನದ ಪರೀಕ್ಷೆಯನ್ನು ಎ2 ಮಟ್ಟದಲ್ಲಿ (ಆರಂಭದ ಎರಡನೆಯ ಹಂತ) ಬರೆಯುವ ವಿಚಾರವಿದೆ. ಅದಕ್ಕಾಗಿ ಸುಮಾರು 600 ಇಂಗ್ಲಿಷ್ ಶಬ್ದಗಳನ್ನೂ ವ್ಯಾಕರಣದ ಹೆಸರುಗಳನ್ನೂ ಎಕ್ಸೆಲ್‌ನಲ್ಲಿ ಹಾಕಿ, ಆನ್‌ಲೈನ್ ಅನುವಾದದಿಂದ ಸ್ಪ್ಯಾನಿಷ್ ಮಾಡಿಕೊಂಡೆವು. ಗಿರಾಕಿಗೆ ಕಳಿಸಿದ ಮೇಲ್ ನೋಡಿ ಅವರು ನಕ್ಕರು. ಮೇಲಾಗಿ ನಮ್ಮ ಹತ್ತಿರ ಇರುವ ಎರಡು ಪುಸ್ತಕಗಳಲ್ಲಿ ಒಂದೇ ಕಾಲಕ್ಕೆ ಬೇರೆ ಬೇರೆ ಹೆಸರು. ‘ಮೊದಲು ಇಂಗ್ಲಿಷ್ ಗ್ರಾಮರ್ ಗಟ್ಟಿ ಮಾಡಿಕೊಳ್ಳಿ, ಕನ್ನಡದಿಂದ ಸ್ಪ್ಯಾನಿಷ್ ಬರುವುದಿಲ್ಲ’ ಅಂತ ಒಬ್ಬರು ಹೇಳಿದರು. ಪಟ್ಟಿಯನ್ನು ತಿದ್ದಬೇಕೋ, ಬಿಸಾಡಬೇಕೋ?

ಉತ್ತರ: ಬಿಸಾಡಬೇಡಿ. ಆದರೆ ಎಡಗಡೆ ಒಂದು ಇಂಗ್ಲಿಷ್ ಶಬ್ದ, ಬಲಗಡೆ ಒಂದು ಸ್ಪ್ಯಾನಿಷ್ ಶಬ್ದ ಎಂಬ ಎರಡೇ ಕಾಲಮ್ಮಿನ ಪಟ್ಟಿ ನಿಮ್ಮ ಕೆಲಸಕ್ಕೆ ಸಾಲದು. ನಿಮ್ಮ ಚಿಂತೆಯಲ್ಲಿ ಮೂರು ಬೇರೆ ಬೇರೆ ಸಂಗತಿಗಳು ಕೂಡಿಕೊಂಡಿವೆ: ಶಬ್ದ ತಪ್ಪಾಗುವುದು, ವ್ಯಾಕರಣದ ಹೆಸರುಗಳ ಗೊಂದಲ, ಮತ್ತು ಯಾವ ಭಾಷೆಯ ಮೂಲಕ ಕಲಿಯಬೇಕು ಎಂಬುದು. ಒಂದೊಂದಾಗಿ ನೋಡೋಣ. ಕೆಳಗೆ ಸ್ಪ್ಯಾನಿಷ್ ಶಬ್ದಗಳನ್ನು ಮೆಕ್ಸಿಕೋದ ಉಚ್ಚಾರಕ್ಕೆ ಹತ್ತಿರವಾಗಿ ಕನ್ನಡದಲ್ಲಿ ಬರೆದಿದ್ದೇನೆ. ನಿಮ್ಮ ಪಟ್ಟಿಯಲ್ಲಿ ರೋಮನ್ ಅಕ್ಷರವೇ ಇರಲಿ, ಕಾಗುಣಿತ ಅಲ್ಲಿಂದಲೇ ಕಲಿಯಬೇಕು.

ಮೊದಲು ಶಬ್ದಗಳು. ಗಿರಾಕಿ ಯಾಕೆ ನಕ್ಕಿರಬಹುದು ಎಂದು ಊಹಿಸುವುದು ಕಷ್ಟವಲ್ಲ. ಒಂಟಿ ಶಬ್ದ ಕೊಟ್ಟರೆ ಅನುವಾದದ ಯಂತ್ರಕ್ಕೆ ಅದು ಫೌಂಡ್ರಿಯದೋ ಅಡುಗೆಮನೆಯದೋ ತಿಳಿಯುವುದಿಲ್ಲ. ಎಲ್ಲಕ್ಕಿಂತ ಹೆಚ್ಚು ಬಳಕೆಯ ಅರ್ಥವನ್ನು ಎತ್ತಿ ಕೊಡುತ್ತದೆ. ‘ನಟ್’ ಎಂದರೆ ನ್ವೆಸ್ ಬರುತ್ತದೆ, ಅದು ಅಕ್ರೋಟ. ಬೋಲ್ಟಿಗೆ ಹಾಕುವ ನಟ್ಟು ತ್ವೆರ್ಕಾ. ‘ಸ್ಪ್ರಿಂಗ್’ ವಸಂತ ಋತುವಾಗಿ ಪ್ರಿಮಬೇರಾ ಆಗುತ್ತದೆ. ನಿಮಗೆ ಬೇಕಾದದ್ದು ರೆಸೋರ್ತೆ, ಸ್ಪೇನಿನಲ್ಲಿ ಮ್ವೇಯೆ. ‘ವಾಷರ್’ ಬಟ್ಟೆ ಒಗೆಯುವ ಮಷೀನ್ ಆಗಿ ಲಬಾದೋರಾ ಬಂದಿದ್ದರೆ ಆಶ್ಚರ್ಯವಿಲ್ಲ. ‘ಸೀಲ್’ ಸಮುದ್ರದ ಪ್ರಾಣಿಯಾಗಿ ಫೋಕಾ ಆಗಬಹುದು. ಆಯಿಲ್ ಸೀಲಿಗೆ ರೆತೇನ್ ಎನ್ನಬೇಕು. ಬೆಲೆ ಬರೆದು ಕಳಿಸುವ ‘ಕೊಟೇಶನ್’ ಸೀತಾ ಆಗಿರಬಹುದು, ಅದು ಬೇರೆಯವರ ಮಾತಿನ ಉಲ್ಲೇಖ ಅಥವಾ ಡಾಕ್ಟರ ಅಪಾಯಿಂಟ್‌ಮೆಂಟ್. ಮೆಕ್ಸಿಕೋಕ್ಕೆ ಕೊತಿಸಾಸಿಯೋನ್ ಬರೆಯಿರಿ, ಸ್ಪೇನಿಗೆ ಒಫೇರ್ತಾ ಅಥವಾ ಪ್ರೆಸುಪ್ವೆಸ್ತೋ. ಕಚ್ಚಾ ಕಬ್ಬಿಣವಾದ ಪಿಗ್ ಐರನ್‌ಗೂ ಹಂದಿಗೂ ಅಲ್ಲಿ ಸಂಬಂಧವೇ ಇಲ್ಲ. ಅದಕ್ಕೆ ಅರ್ರಾಬಿಯೋ ಎಂಬ ಸ್ವತಂತ್ರ ಶಬ್ದವಿದೆ.

ಇದರ ಮೇಲೆ ದೇಶದ ವ್ಯತ್ಯಾಸ ಬೇರೆ. ನೀವು ಎರಡು ದೇಶಕ್ಕೆ ಮಾಲು ಕಳಿಸುವುದರಿಂದ ಇದನ್ನು ಉಪೇಕ್ಷಿಸುವಂತಿಲ್ಲ. ಮಶೀನಿಂಗ್‌ಗೆ ಸ್ಪೇನಿನಲ್ಲಿ ಮೆಕಾನಿಸಾದೋ, ಮೆಕ್ಸಿಕೋದಲ್ಲಿ ಮಕಿನಾದೋ. ಬೇರಿಂಗ್‌ಗೆ ರೊದಾಮಿಯೆಂತೋ ಎಂದರೆ ಎರಡೂ ಕಡೆ ತಿಳಿಯುತ್ತದೆ, ಆದರೆ ಮೆಕ್ಸಿಕೋದ ಶಾಪ್‌ಫ್ಲೋರಿನಲ್ಲಿ ಬಲೇರೋ ಅನ್ನುತ್ತಾರೆ. ಎರಕದೊಳಗೆ ಟೊಳ್ಳು ಬಿಡಲು ಇಡುವ ಮರಳಿನ ಕೋರ್‌ಗೆ ಸ್ಪೇನಿನಲ್ಲಿ ಮಾಚೋ, ಅಂದರೆ ಗಂಡು. ಮೆಕ್ಸಿಕೋದಲ್ಲಿ ಕೊರಸೋನ್, ಅಂದರೆ ಹೃದಯ. ‘ಕೊರಸೋನ್ ಒಡೆದಿದೆ’ ಎಂದು ಮೇಲ್ ಬಂದರೆ ಗಾಬರಿಯಾಗಬೇಡಿ, ಸ್ಯಾಂಡ್ ಕೋರ್ ಬಗ್ಗೆ ಹೇಳುತ್ತಿದ್ದಾರೆ. ಗ್ರೇ ಐರನ್ ಮೆಕ್ಸಿಕೋದಲ್ಲಿ ಇಯೆರ್ರೋ ಗ್ರಿಸ್, ಸ್ಪೇನಿನಲ್ಲಿ ಫುಂದಿಸಿಯೋನ್ ಗ್ರಿಸ್. ಈ ಫುಂದಿಸಿಯೋನ್ ಎಂಬ ಶಬ್ದ ಫೌಂಡ್ರಿಗೂ ಬರುತ್ತದೆ, ಎರಕ ಹೊಯ್ಯುವ ಕೆಲಸಕ್ಕೂ ಬರುತ್ತದೆ, ಸ್ಪೇನಿನಲ್ಲಿ ಲೋಹಕ್ಕೂ ಬರುತ್ತದೆ. ಆದ್ದರಿಂದ ಕಾಸ್ಟಿಂಗ್ ಎಂಬ ವಸ್ತುವಿಗೆ ಪಿಯೇಸಾ ಫುಂದೀದಾ ಎಂದು ಬಿಡಿಸಿ ಬರೆಯುವುದೇ ಕ್ಷೇಮ. ರಿಜೆಕ್ಷನ್ ರಿಪೋರ್ಟಿನಲ್ಲಿ ಮೇಲಿಂದ ಮೇಲೆ ಬರುವ ಮೂರು ಶಬ್ದ ಈಗಲೇ ಸೇರಿಸಿಕೊಳ್ಳಿ: ಶ್ರಿಂಕೇಜ್‌ಗೆ ರೆಚೂಪೆ (ತಣಿಯುವಾಗ ಲೋಹ ಕುಗ್ಗಿ ಆಗುವ ಕುಳಿ), ಬ್ಲೋಹೋಲ್‌ಗೆ ಸೊಪ್ಲಾದೂರಾ (ಗಾಳಿ ಸಿಕ್ಕಿಕೊಂಡು ಆಗುವ ಗುಳಿ), ಅಂಚಿನ ಬರ್‌ಗೆ ರೆಬಾಬಾ.

‘ಇಂಗ್ಲಿಷ್ ಶಬ್ದದ ಹಾಗೇ ಕಾಣುವುದೆಲ್ಲ ಅದೇ ಅರ್ಥ’ ಎಂಬ ಮಾತು ಪೂರ್ತಿ ಸುಳ್ಳಲ್ಲ. ಇಂಗ್ಲಿಷಿನಲ್ಲಿ ‘-ಶನ್’ ಎಂದು ಮುಗಿಯುವ ಪ್ರೊಡಕ್ಷನ್, ಇನ್‌ಸ್ಪೆಕ್ಷನ್ ಮುಂತಾದವು ಪ್ರೊದುಕ್ಸಿಯೋನ್, ಇನ್ಸ್‌ಪೆಕ್ಸಿಯೋನ್ ಆಗುತ್ತವೆ, ಎಲ್ಲವೂ ಸ್ತ್ರೀಲಿಂಗ. ಧೈರ್ಯವಾಗಿ ಬಳಸಿ. ಅಪಾಯ ಇರುವುದು ವ್ಯವಹಾರದ ಮೇಲ್‌ನಲ್ಲಿ ನುಸುಳುವ ನಾಲ್ಕಾರು ಶಬ್ದಗಳಲ್ಲಿ. ಎಬೆಂತುಆಲ್ಮೆಂತೆ ಎಂದರೆ ‘ಕೊನೆಗೆ’ ಅಲ್ಲ, ‘ಪ್ರಸಂಗ ಬಂದರೆ, ಯಾವಾಗಲಾದರೊಮ್ಮೆ’. ‘ಮಾಲನ್ನು ಕೊನೆಗೆ ಕಳಿಸಿಯೇ ಕಳಿಸುತ್ತೇವೆ’ ಎಂದು ನೀವು ಬರೆದದ್ದು ‘ಸಾಧ್ಯವಾದರೆ ಕಳಿಸುತ್ತೇವೆ’ ಎಂದು ಅವರಿಗೆ ಕೇಳಿಸುತ್ತದೆ. ಕೊಂಪ್ರೊಮೀಸೋ ಎಂದರೆ ರಾಜಿ ಅಲ್ಲ, ಕೊಟ್ಟ ಮಾತು, ಬದ್ಧತೆ. ಆಕ್ತುಆಲ್ಮೆಂತೆ ಎಂದರೆ ‘ನಿಜವಾಗಿ’ ಅಲ್ಲ, ‘ಸದ್ಯಕ್ಕೆ’. ಎಕ್ಸಿತೋ ಹೊರಗೆ ಹೋಗುವ ಬಾಗಿಲಲ್ಲ, ಯಶಸ್ಸು.

ಅಂಕಿಗಳನ್ನೂ ಇದೇ ಪಟ್ಟಿಗೆ ಸೇರಿಸಿ, ಏಕೆಂದರೆ ಶಬ್ದ ತಪ್ಪಿದರೆ ನಗುತ್ತಾರೆ, ಅಂಕಿ ತಪ್ಪಿದರೆ ದುಡ್ಡು ಹೋಗುತ್ತದೆ. ಲಕ್ಷಕ್ಕೆ ಸಿಯೆನ್ ಮಿಲ್, ಕೋಟಿಗೆ ದಿಯೆಸ್ ಮಿಯೋನೆಸ್. ಇಂಗ್ಲಿಷಿನ ಬಿಲಿಯನ್‌ಗೆ ಮಿಲ್ ಮಿಯೋನೆಸ್ ಎನ್ನಬೇಕು. ಸ್ಪ್ಯಾನಿಷ್‌ನ ಬಿಯೋನ್ ಅದರ ಸಾವಿರಪಟ್ಟು, ಅಂದರೆ ಒಂದು ಲಕ್ಷ ಕೋಟಿ. ದಶಮಾಂಶಕ್ಕೆ ಮೆಕ್ಸಿಕೋದವರು ನಮ್ಮ ಹಾಗೆ ಚುಕ್ಕಿ ಹಾಕುತ್ತಾರೆ, ಸ್ಪೇನಿನವರು ಸಾಮಾನ್ಯವಾಗಿ ಅಲ್ಪವಿರಾಮ. ಸ್ಪೇನಿನ ಗಿರಾಕಿ ನಿಮ್ಮ 12.500 ಮಿಲಿಮೀಟರನ್ನು ಹನ್ನೆರಡು ಸಾವಿರದ ಐದುನೂರು ಎಂದು ಓದುವ ಸಂಭವವಿದೆ. ಅವರಿಗೆ ಹೋಗುವ ಡ್ರಾಯಿಂಗ್ ಮೇಲೆ 12,5 ಎಂದೇ ಬರೆಯಿರಿ.

ಈಗ ವ್ಯಾಕರಣದ ಹೆಸರುಗಳು. ಎಲ್ಲಕ್ಕೂ ಮೊದಲು ಒಂದು ಸಮಾಧಾನದ ಮಾತು: ಡೆಲೆ ಪರೀಕ್ಷೆಯಲ್ಲಿ ಓದುವುದು, ಕೇಳುವುದು, ಬರೆಯುವುದು, ಮಾತಾಡುವುದು ಇವನ್ನು ನೋಡುತ್ತಾರೆ. ಇದು ಯಾವ ಕಾಲ, ಹೆಸರು ಹೇಳು ಎಂದು ಕೇಳುವುದಿಲ್ಲ. ಪುಸ್ತಕ ಓದಿ ಅರ್ಥಮಾಡಿಕೊಳ್ಳಲು ಮೂವತ್ತು ಹೆಸರು ಸಾಕು. ಆ ಮೂವತ್ತರಲ್ಲೂ ಯಂತ್ರ ಎಡವುವ ಜಾಗಗಳಿವೆ. ‘ಸೆಂಟೆನ್ಸ್’ಗೆ ಸೆಂತೆನ್ಸಿಯಾ ಬಂದಿದ್ದರೆ ತೆಗೆಯಿರಿ, ಅದು ಕೋರ್ಟಿನ ತೀರ್ಪು, ವಾಕ್ಯಕ್ಕೆ ಒರಾಸಿಯೋನ್. ವಿರಾಮಚಿಹ್ನೆಯ ‘ಕೋಲನ್’ಗೆ ದೋಸ್ ಪೂಂತೋಸ್, ಕೋಲನ್ ಎಂದೇ ಬಿಟ್ಟರೆ ಅದು ದೊಡ್ಡ ಕರುಳು. ‘ಸಬ್ಜೆಕ್ಟ್’ ಒಂದೇ ಶಬ್ದ, ಸ್ಪ್ಯಾನಿಷ್‌ನಲ್ಲಿ ಮೂರು: ವಾಕ್ಯದ ಕರ್ತೃ ಸುಹೇತೋ, ಮೇಲ್‌ನ ವಿಷಯದ ಸಾಲು ಅಸೂಂತೋ, ಕಾಲೇಜಿನ ವಿಷಯ ಮತೇರಿಯಾ. ಕರ್ಮಕ್ಕೆ ಸ್ಪೇನಿನ ಪುಸ್ತಕಗಳಲ್ಲಿ ಹೆಚ್ಚಾಗಿ ಕೊಂಪ್ಲೆಮೆಂತೋ, ಲ್ಯಾಟಿನ್ ಅಮೆರಿಕದವುಗಳಲ್ಲಿ ಒಬ್ಹೇತೋ.

ನಿಮ್ಮ ಎರಡು ಪುಸ್ತಕಗಳ ಜಗಳಕ್ಕೆ ಕಾರಣ ಬಹಳ ಹಳೆಯದು. ವೆನೆಜುವೆಲಾದಲ್ಲಿ ಹುಟ್ಟಿ ಚಿಲಿಯಲ್ಲಿ ಕೆಲಸ ಮಾಡಿದ ಆಂದ್ರೆಸ್ ಬೆಯೋ 1847ರಲ್ಲಿ ಅಮೆರಿಕ ಖಂಡದವರಿಗಾಗಿಯೇ ಒಂದು ಸ್ಪ್ಯಾನಿಷ್ ವ್ಯಾಕರಣ ಬರೆದು, ಕಾಲಗಳಿಗೆ ತನ್ನದೇ ಹೆಸರುಗಳನ್ನು ಕೊಟ್ಟ. ಮೆಕ್ಸಿಕೋದ ಶಾಲಾ ವ್ಯಾಕರಣದಲ್ಲಿ ಆ ಹೆಸರುಗಳು ಇಂದಿಗೂ ನಡೆಯುತ್ತವೆ. ಸ್ಪೇನಿನಲ್ಲಿ ಬೇರೆ ಪರಂಪರೆ. ಹೀಗಾಗಿ ‘ಹೋದೆ’ ಎಂಬ ರೂಪಕ್ಕೆ ಒಂದು ಪುಸ್ತಕ ಪ್ರೆತೇರಿತೋ ಎಂದರೆ ಇನ್ನೊಂದು ಪ್ರೆತೇರಿತೋ ಇಂದೆಫಿನೀದೋ ಎನ್ನುತ್ತದೆ, ಸ್ಪ್ಯಾನಿಷ್ ಅಕಾಡೆಮಿಯ ವ್ಯಾಕರಣ ಪ್ರೆತೇರಿತೋ ಪೆರ್ಫೆಕ್ತೋ ಸಿಂಪ್ಲೆ ಎನ್ನುತ್ತದೆ. ಮೂರೂ ಒಂದೇ. ‘ಹೋಗುತ್ತಿದ್ದೆ’ ಎಂಬುದು ಸ್ಪೇನಿನಲ್ಲಿ ಇಂಪೆರ್ಫೆಕ್ತೋ, ಮೆಕ್ಸಿಕೋದಲ್ಲಿ ಕೊಪ್ರೆತೇರಿತೋ. ‘ಹೋಗಿದ್ದೇನೆ’ ಎಂಬುದು ಸ್ಪೇನಿನಲ್ಲಿ ಪೆರ್ಫೆಕ್ತೋ ಕೊಂಪ್ವೆಸ್ತೋ, ಮೆಕ್ಸಿಕೋದಲ್ಲಿ ಆಂತೆಪ್ರೆಸೆಂತೆ. ಒಂದು ಪಟ್ಟಿಯಲ್ಲಿ ಒಂದೇ ಪದ್ಧತಿ ಇಟ್ಟುಕೊಳ್ಳಿ. ನೀವು ಡೆಲೆ ಬರೆಯುವವರಾದರೆ ಸ್ಪೇನಿನ ಹೆಸರುಗಳನ್ನು ಮುಖ್ಯವಾಗಿಟ್ಟು, ಪಕ್ಕಕ್ಕೆ ಮೆಕ್ಸಿಕೋದ್ದನ್ನು ಸಣ್ಣದಾಗಿ ಬರೆದುಕೊಳ್ಳುವುದು ಒಳ್ಳೆಯದು.

ಗಮನಿಸಿದಿರಾ, ಮೇಲಿನ ಸಾಲುಗಳಲ್ಲಿ ಕಾಲವನ್ನು ಗುರುತಿಸಲು ಇಂಗ್ಲಿಷ್ ಹೆಸರು ಬೇಕಾಗಲೇ ಇಲ್ಲ. ‘ಸಿಂಪಲ್ ಪಾಸ್ಟ್’ ಎಂಬ ಇಂಗ್ಲಿಷ್ ಕಾಲಕ್ಕೆ ಸ್ಪ್ಯಾನಿಷ್‌ನಲ್ಲಿ ಒಂದೇ ಸಾಟಿ ಇಲ್ಲ. ‘ಪ್ರತಿ ಬೇಸಿಗೆ ಗೋಕಾಕಕ್ಕೆ ಹೋಗುತ್ತಿದ್ದೆ’ ಮತ್ತು ‘ನಿನ್ನೆ ಗೋಕಾಕಕ್ಕೆ ಹೋದೆ’ ಎರಡಕ್ಕೂ ಇಂಗ್ಲಿಷಿನಲ್ಲಿ ಒಂದೇ ಕ್ರಿಯಾರೂಪ ನಡೆಯುತ್ತದೆ. ಸ್ಪ್ಯಾನಿಷ್‌ನಲ್ಲಿ ಮೊದಲನೆಯದು ಈಬಾ, ಎರಡನೆಯದು ಫ್ವೀ. ಇಂಗ್ಲಿಷ್ ಮೂಲಕ ಬಂದವರು ಇಲ್ಲಿ ತಿಂಗಳುಗಟ್ಟಲೆ ಒದ್ದಾಡುತ್ತಾರೆ. ಕನ್ನಡದವರು ವಾಕ್ಯವನ್ನು ಮನಸ್ಸಿನಲ್ಲಿ ಕನ್ನಡದಲ್ಲಿ ಹೇಳಿಕೊಂಡರೆ ಹೆಚ್ಚಿನ ಸಲ ಸರಿಯಾದ ಕಾಲ ತಾನೇ ಸಿಗುತ್ತದೆ. ಹೆಚ್ಚಿನ ಸಲ ಎಂದೆ, ಯಾವಾಗಲೂ ಅಲ್ಲ. ‘ಇದ್ದೆ’ ಎಂಬ ನಮ್ಮ ಒಂದೇ ರೂಪ ಎಸ್ತಾಬಾ, ಎಸ್ತೂಬೆ ಎರಡಕ್ಕೂ ಹೋಗುತ್ತದೆ, ಅದನ್ನು ಬೇರೆಯಾಗಿ ಕಲಿಯಬೇಕು. ಇನ್ನೊಂದು: ಇಂದು ಬೆಳಿಗ್ಗೆ ಕಳಿಸಿದ್ದನ್ನು ಸ್ಪೇನಿಗೆ ಬರೆಯುವಾಗ ಎ ಎಂಬಿಯಾದೋ ಎನ್ನಿ, ಮೆಕ್ಸಿಕೋಕ್ಕೆ ಯಾ ಎಂಬಿಯೇ ಎಂದರೆ ಸಹಜ.

ಹಾಗಾದರೆ ‘ಕನ್ನಡದಿಂದ ಸ್ಪ್ಯಾನಿಷ್ ಬರುವುದಿಲ್ಲ’ ಎಂಬ ಮಾತು? ಅದನ್ನು ಒಪ್ಪಲಾರೆ. ಶಬ್ದಗಳ ಮಟ್ಟದಲ್ಲಿ ಇಂಗ್ಲಿಷ್ ಉಪಯೋಗಕ್ಕೆ ಬರುತ್ತದೆ, ಖರೆ. ವಾಕ್ಯದ ರಚನೆಯಲ್ಲಿ ಹಲವು ಕಡೆ ಕನ್ನಡವೇ ಹತ್ತಿರ. ‘ನನಗೆ ಚಹಾ ಇಷ್ಟ’ ಎಂಬುದರಲ್ಲಿ ಚಹಾ ಕರ್ತೃ, ನಾನು ಚತುರ್ಥಿಯಲ್ಲಿದ್ದೇನೆ. ಮೆ ಗೂಸ್ತಾ ಎಲ್ ತೇ ಎಂಬಲ್ಲಿಯೂ ಅದೇ ವ್ಯವಸ್ಥೆ. ಮೆ ಎಂದರೆ ‘ನನಗೆ’. ‘ನನಗೆ ತಲೆ ನೋಯುತ್ತದೆ’ ಎಂಬುದು ಮೆ ದ್ವೇಲೆ ಲಾ ಕಬೇಸಾ. ‘ನನಗೆ ಎರಡು ಡ್ರಾಯಿಂಗ್ ಬೇಕಾಗಿವೆ’ ಎಂಬುದು ಮೆ ಆಸೆನ್ ಫಾಲ್ತಾ ದೋಸ್ ಪ್ಲಾನೋಸ್. ‘ಮರೆತುಹೋಯಿತು ನನಗೆ’ ಎಂದು ನಾವು ತಪ್ಪನ್ನು ನಯವಾಗಿ ಮರೆವಿನ ಮೇಲೆ ಹಾಕುತ್ತೇವಲ್ಲ, ಅವರೂ ಸೆ ಮೆ ಒಲ್ಬಿದೋ ಎಂದು ಹಾಗೇ ಹಾಕುತ್ತಾರೆ. ‘ಸೋಮವಾರ ಕಳಿಸುತ್ತೇವೆ’ ಎಂದು ಮುಂದಿನ ಮಾತಿಗೂ ವರ್ತಮಾನದ ರೂಪವನ್ನೇ ನಾವು ಬಳಸುವ ಹಾಗೆ ಎಂಬಿಯಾಮೋಸ್ ಎಲ್ ಲೂನೆಸ್. ಇಂಗ್ಲಿಷಿನ ‘-ಇಂಗ್’ ನೋಡಿಕೊಂಡು ಎಸ್ತಾಮೋಸ್ ಎಂಬಿಯಾಂದೋ ಎಂದರೆ ಈ ಕ್ಷಣ ಟ್ರಕ್ಕಿಗೆ ಏರಿಸುತ್ತಿದ್ದೇವೆ ಎಂದಾಗುತ್ತದೆ. ‘ಅವರು ಬರಲಿ’ ಎಂಬ ನಮ್ಮ ‘ಲಿ’ ಪ್ರತ್ಯಯ ಕೆ ಬೇಂಗಾ ಎಂಬ, ಆಶಯ ಅಥವಾ ಅನಿಶ್ಚಿತತೆ ಹೇಳುವ ಸಬ್ಜಂಕ್ಟಿವ್‌ಗೆ ಒಳ್ಳೆಯ ಬಾಗಿಲು. ಆದರೆ ‘ಬಂದ ಮೇಲೆ’ ಮುಂತಾದ ಕಡೆ ಕನ್ನಡ ಸುಮ್ಮನಿರುತ್ತದೆ, ಸ್ಪ್ಯಾನಿಷ್ ಅಲ್ಲಿಯೂ ಸಬ್ಜಂಕ್ಟಿವ್ ಕೇಳಬಹುದು.

ಕರ್ಮದ ವಿಷಯದಲ್ಲಿಯೂ ಹೀಗೇ. ‘ಪುಸ್ತಕ ತಂದೆ’ ಎನ್ನುತ್ತೇವೆ, ‘ಅನ್ನು’ ಇಲ್ಲದೆ ನಡೆಯುತ್ತದೆ. ‘ಅಕ್ಕ ಕರೆದೆ’ ಎನ್ನಲಾಗದು, ‘ಅಕ್ಕನನ್ನು ಕರೆದೆ’ ಎನ್ನಬೇಕು. ಸ್ಪ್ಯಾನಿಷ್ ಕೂಡ ವಸ್ತುವಿಗೆ ಏನೂ ಹಚ್ಚದೆ, ಮನುಷ್ಯರ ಮುಂದೆ ‘ಆ’ ಎಂಬ ಸಣ್ಣ ಶಬ್ದ ಇಡುತ್ತದೆ: ಯಾಮೇ ಆ ಮಿ ಎರ್ಮಾನಾ. ಇಂಗ್ಲಿಷ್ ಪುಸ್ತಕಗಳು ಇದಕ್ಕೊಂದು ದೊಡ್ಡ ಅಧ್ಯಾಯವನ್ನೇ ಮೀಸಲಿಡುತ್ತವೆ.

ಆದರೆ ಚತುರ್ಥಿಯ ಈ ದಾರಿಯಲ್ಲಿ ಕಣ್ಣುಮುಚ್ಚಿ ಓಡಬೇಡಿ. ‘ನನಗೆ ಗೊತ್ತು’ ಎಂಬುದನ್ನು ಮೆ ಸಾಬೆ ಎಂದರೆ ‘ನನ್ನ ಬಾಯಿಗೆ ಇಂಥ ರುಚಿ ಬರುತ್ತದೆ’ ಎಂದಾಗುತ್ತದೆ. ಅಲ್ಲಿ ಬರೀ ಸೇ ಎನ್ನಬೇಕು. ‘ನನಗೆ ಹಸಿವು’ ಎಂಬುದಕ್ಕೆ ತೆಂಗೋ ಆಂಬ್ರೆ, ಅಂದರೆ ಹಸಿವನ್ನು ‘ಹೊಂದಿರುವುದು’. ಗೂಸ್ತಾ ಕೂಡ ಬಹುವಚನದ ಮುಂದೆ ಗೂಸ್ತಾನ್ ಆಗುತ್ತದೆ, ನಮ್ಮ ‘ಇಷ್ಟ’ ಹಾಗೆ ಬದಲಾಗುವುದಿಲ್ಲ.

ಕನ್ನಡ ಕೈಕೊಡುವ ಜಾಗ ಲಿಂಗ. ನಮಗೆ ನಿರ್ಜೀವ ವಸ್ತುವೆಲ್ಲ ನಪುಂಸಕ; ಅವರಲ್ಲಿ ಅಚ್ಚು, ಎಲ್ ಮೋಲ್ದೆ, ಪುಲ್ಲಿಂಗ; ಪೀಸು, ಲಾ ಪಿಯೇಸಾ, ಸ್ತ್ರೀಲಿಂಗ. ಇಂಗ್ಲಿಷೂ ಇಲ್ಲಿ ನೆರವಿಗೆ ಬಾರದು. ಬೆಳಗಾವಿಯಲ್ಲಿ ಇರುವುದರ ಲಾಭ ಇಲ್ಲಿದೆ: ನಿಮಗೆ ಮರಾಠಿ ಬರುತ್ತಿದ್ದರೆ ‘ಮೋಠಾ ದಗಡ, ಮೋಠೀ ಖುರ್ಚೀ’ ಎಂದು ವಿಶೇಷಣ ಬದಲಾಗುವುದು ಹೊಸದೇನಲ್ಲ. ಯಾವ ವಸ್ತು ಯಾವ ಲಿಂಗ ಎಂಬುದು ಮಾತ್ರ ಮರಾಠಿಯಿಂದ ತಿಳಿಯದು. ಶಬ್ದವನ್ನು ಎಲ್ ಅಥವಾ ಲಾ ಸಹಿತವೇ ಬರೆದಿಟ್ಟು ಬಾಯಿಪಾಠ ಮಾಡುವುದೊಂದೇ ಉಪಾಯ. ಕೊನೆಯಲ್ಲಿ ‘ಆ’ ಬಂದರೆ ಸ್ತ್ರೀಲಿಂಗ ಎಂಬ ಸೂತ್ರ ಬಹಳ ಕಡೆ ನಡೆಯುತ್ತದೆ, ಆದರೆ ಎಲ್ ಪ್ರೊಬ್ಲೇಮಾ, ಎಲ್ ಸಿಸ್ತೇಮಾ ಪುಲ್ಲಿಂಗ, ಲಾ ಮಾನೋ ಸ್ತ್ರೀಲಿಂಗ.

ನಮ್ಮ ‘ಇರು’ ಎಂಬುದಕ್ಕೆ ಅವರಲ್ಲಿರುವ ಎರಡು ಕ್ರಿಯಾಪದಗಳಾದ ಸೆರ್, ಎಸ್ತಾರ್ ಬಗ್ಗೆ ನಿಮ್ಮ ಪುಸ್ತಕ ‘ಶಾಶ್ವತವಾದದ್ದಕ್ಕೆ ಸೆರ್, ತಾತ್ಕಾಲಿಕಕ್ಕೆ ಎಸ್ತಾರ್’ ಎಂದು ಬರೆದಿರಬೇಕು. ಅದನ್ನು ನಂಬಬೇಡಿ. ಸತ್ತವನು ಎಸ್ತಾ ಮ್ವೆರ್ತೋ, ಸಾವಿಗಿಂತ ಶಾಶ್ವತ ಯಾವುದು? ಗಂಟೆ ಮೂರಾಗಿದೆ ಎನ್ನಲು ಸೋನ್ ಲಾಸ್ ತ್ರೆಸ್, ಅದು ಒಂದು ನಿಮಿಷವೂ ನಿಲ್ಲದು. ಇದಕ್ಕಿಂತ ಕನ್ನಡದ ಪರೀಕ್ಷೆ ಗಟ್ಟಿ: ಕ್ರಿಯಾಪದವಿಲ್ಲದೆ ಮುಗಿಯುವ ‘ಇದು ಹೊಸ ಡ್ರಾಯಿಂಗ್’ ಎಂಬಂಥ ವಾಕ್ಯಕ್ಕೆ ಸೆರ್. ‘ಇದೆ, ಇದ್ದಾನೆ’ ಎಂದು ಜಾಗ ಅಥವಾ ಸ್ಥಿತಿ ಹೇಳಿದರೆ ಎಸ್ತಾರ್: ಆ ಪೆಟ್ಟಿಗೆಗಳು ಗೋದಾಮಿನಲ್ಲಿವೆ, ಪೀಸು ಬಿಸಿ ಇದೆ. ಇಲ್ಲಿ ಎರಡು ಅಪವಾದ ನೆನಪಿಡಿ. ‘ಗೋದಾಮಿನಲ್ಲಿ ಪೆಟ್ಟಿಗೆಗಳಿವೆ’ ಎಂದು ಹೊಸದಾಗಿ ತಿಳಿಸುವಾಗ ಆಯ್ ಎಂಬ ಬೇರೆ ರೂಪ. ಮೀಟಿಂಗ್, ಮದುವೆಯಂಥ ಕಾರ್ಯಕ್ರಮ ಎಲ್ಲಿದೆ ಎಂದರೆ ಜಾಗವಾದರೂ ಸೆರ್.

ಗೌರವದ ರೂಪದಲ್ಲಿ ನಮ್ಮವರು ಎಡವುವುದು ಕಡಿಮೆ. ‘ಬರ್ರಿ, ಕೂಡ್ರಿ’ ಎನ್ನುವವರಿಗೆ ತೂ (ನೀನು) ಮತ್ತು ಉಸ್ತೇದ್ (ನೀವು) ಭೇದ ಹೇಳಿಕೊಡಬೇಕಿಲ್ಲ. ಕ್ರಿಯಾಪದದಲ್ಲಿ ಮಾತ್ರ ಎಚ್ಚರ: ಉಸ್ತೇದ್ ಜೊತೆ ‘ಅವನು’ ರೂಪ ಬರುತ್ತದೆ, ಉಸ್ತೇದ್ ತಿಯೇನೆ. ಉಸ್ತೇದ್ ತಿಯೇನೆಸ್ ತಪ್ಪು. ಗಿರಾಕಿಗೆ ಉಸ್ತೇದ್‌ನಲ್ಲೇ ಬರೆಯಿರಿ, ಅವರಾಗಿ ತೂ ಎನ್ನುವವರೆಗೆ.

ಪಟ್ಟಿಯ ವಿಷಯಕ್ಕೆ ಬರೋಣ. ನಿಮ್ಮ ಮುಂದೆ ಮೂರು ದಾರಿ ಇವೆ. ಪಟ್ಟಿ ಬಿಟ್ಟು ಬರೀ ವಾಕ್ಯಗಳಿಂದ ಕಲಿಯುವುದು ಮಾತಿಗೆ ಒಳ್ಳೆಯದು. ಆದರೆ ಡ್ರಾಯಿಂಗ್ ಮೇಲಿನ ಶಬ್ದ ತುರ್ತಾಗಿ ಬೇಕಾದಾಗ ಹುಡುಕಲು ಏನೂ ಇರುವುದಿಲ್ಲ. ಇದ್ದ ಪಟ್ಟಿಯನ್ನು ಯಾರಾದರೂ ಸ್ಪ್ಯಾನಿಷ್ ಬಲ್ಲವರಿಂದ ತಿದ್ದಿಸುವುದು ಬೇಗ ಆಗುತ್ತದೆ. ಅವರಿಗೆ ಫೌಂಡ್ರಿ ತಿಳಿಯದಿದ್ದರೆ ರೆಚೂಪೆಯಂಥ ಶಬ್ದಗಳು ತಪ್ಪಾಗಿಯೇ ಉಳಿಯುತ್ತವೆ. ನಾನು ಹೇಳುವುದು ಮೂರನೆಯದು, ನಿಧಾನದ ದಾರಿ: ಕಾಲಮ್ ಹೆಚ್ಚಿಸಿ, ವಾರಕ್ಕೆ ಇಪ್ಪತ್ತೈದು ಮೂವತ್ತು ಸಾಲು ಮಾತ್ರ ತಿದ್ದುವುದು. ಹೆಚ್ಚು ಬಳಕೆಯ 200 ಶಬ್ದ ಮೊದಲು. 600 ಮುಗಿಯಲು ಐದಾರು ತಿಂಗಳು ಹಿಡಿಯುತ್ತದೆ, ಹಿಡಿಯಲಿ.

ಒಂದು ಸಾಲು ಹೀಗಿರಬೇಕು. ಮೊದಲ ಕಾಲಮ್ಮಿನಲ್ಲಿ ‘ವಾಷರ್’. ಎರಡನೆಯದರಲ್ಲಿ ಅದು ಯಾವುದು ಎಂಬ ಗುರುತು: ‘ಬೋಲ್ಟ್ ಕೆಳಗಿನ ಚಪ್ಪಟೆ ಬಳೆ’, ಸಾಧ್ಯವಿದ್ದರೆ ಫೋಟೋ. ಮೂರನೆಯದರಲ್ಲಿ ಮೆಕ್ಸಿಕೋ: ಲಾ ರೊಂದಾನಾ. ನಾಲ್ಕನೆಯದರಲ್ಲಿ ಸ್ಪೇನ್: ಲಾ ಅರಾಂದೇಲಾ. ಐದನೆಯದರಲ್ಲಿ ಗಿರಾಕಿಯದೇ ಮೇಲ್ ಅಥವಾ ಡ್ರಾಯಿಂಗ್‌ನಿಂದ ತೆಗೆದ ಒಂದು ವಾಕ್ಯ. ಈ ಐದನೆಯದೇ ಎಲ್ಲಕ್ಕಿಂತ ಬೆಲೆಯುಳ್ಳದ್ದು, ಏಕೆಂದರೆ ಆ ಗಿರಾಕಿಯ ಕಾರ್ಖಾನೆಯಲ್ಲಿ ಯಾವ ಶಬ್ದ ನಡೆಯುತ್ತದೆ ಎಂಬುದಕ್ಕೆ ಅದಕ್ಕಿಂತ ದೊಡ್ಡ ಸಾಕ್ಷಿ ಇಲ್ಲ. ಕ್ರಿಯಾಪದವಾದರೆ ಐದನೆಯದರಲ್ಲೇ ಕನ್ನಡ ವಾಕ್ಯವನ್ನೂ ಬರೆದುಕೊಳ್ಳಿ: ‘ಕಳಿಸುವ ಮೊದಲು’, ಆಂತೆಸ್ ದೆ ಎಂಬಿಯಾರ್. ಇಂಗ್ಲಿಷಿನ ಜೆರಂಡ್ (ನಾಮಪದವಾಗಿ ಬರುವ ‘-ಇಂಗ್’ ರೂಪ) ನೋಡಿ ಆಂತೆಸ್ ದೆ ಎಂಬಿಯಾಂದೋ ಎಂದು ಬರೆಯುವ ಚಟ ಇದರಿಂದ ಬಿಡುತ್ತದೆ. ಹೆಸರು ಒಂದೇ ತರಹ ಇದ್ದರೂ ಸ್ಪ್ಯಾನಿಷ್‌ನ ಹೆರೂಂದಿಯೋ ನಾಮಪದದ ಕೆಲಸ ಮಾಡುವುದಿಲ್ಲ.

ಯಂತ್ರಾನುವಾದ ಪೂರ್ತಿ ಬಿಡಬೇಕಿಲ್ಲ. ಒಂಟಿ ಶಬ್ದ ಕೊಡದೆ ಇಡೀ ವಾಕ್ಯ ಕೊಡಿ, ಬಂದದ್ದನ್ನು ಸ್ಪ್ಯಾನಿಷ್‌ನಿಂದ ವಾಪಸ್ ಇಂಗ್ಲಿಷಿಗೆ ಮಾಡಿ ನೋಡಿ. ಹಾಗೆ ಮಾಡಿದರೂ ಎರಡು ಅರ್ಥದ ಶಬ್ದ ತಪ್ಪಿಸಿಕೊಳ್ಳಬಹುದು. ಆದ್ದರಿಂದ ಆ ಸ್ಪ್ಯಾನಿಷ್ ಶಬ್ದವನ್ನು ಹಾಕಿ ಇಂಟರ್ನೆಟ್ಟಿನಲ್ಲಿ ಚಿತ್ರ ಹುಡುಕಿ. ಲಬಾದೋರಾ ಎಂದು ಹಾಕಿ ಬಟ್ಟೆ ಮಷೀನ್ ಕಂಡರೆ ಅಲ್ಲಿಗೆ ತಿಳಿಯಿತು. ಸ್ಪ್ಯಾನಿಷ್ ಅಕಾಡೆಮಿಯ ನಿಘಂಟು ಆನ್‌ಲೈನ್‌ನಲ್ಲಿ ಪುಕ್ಕಟೆ ಸಿಗುತ್ತದೆ, ಒಂದು ಅರ್ಥ ಯಾವ ದೇಶಕ್ಕೆ ಸೀಮಿತ ಎಂಬ ಗುರುತನ್ನೂ ಅದರಲ್ಲಿ ಕೊಟ್ಟಿರುತ್ತಾರೆ. ಆದರೆ ಗಿರಾಕಿಯ ಡ್ರಾಯಿಂಗ್, ಬೆಲೆಪಟ್ಟಿ, ಒಪ್ಪಂದ ಇವನ್ನು ಪುಕ್ಕಟೆ ಅನುವಾದದ ಸೈಟಿಗೆ ಹಾಕುವ ಮೊದಲು ಮ್ಯಾನೇಜರರನ್ನು ಕೇಳಿ. ಗೋಪ್ಯತೆಯ ಕರಾರಿಗೆ ಸಹಿ ಹಾಕಿದ್ದರೆ ಹಾಗೆ ಹಾಕುವುದೇ ಕರಾರು ಮುರಿದಂತಾದೀತು. ಒಪ್ಪಂದ ಮತ್ತು ಗುಣಮಟ್ಟದ ದೂರಿನ ಉತ್ತರ ಇವೆರಡನ್ನು ಎ2 ಮಟ್ಟದ ಸ್ಪ್ಯಾನಿಷ್‌ನಲ್ಲಿ ನೀವೇ ಬರೆಯಬೇಡಿ, ಇಂಗ್ಲಿಷಿನಲ್ಲೇ ಕಳಿಸಿ ಅಥವಾ ವೃತ್ತಿಪರ ಅನುವಾದಕರಿಗೆ ಕೊಡಿ.

ನಿಮ್ಮ ಶಾಪ್‌ಫ್ಲೋರಿನಲ್ಲಿ ಇಂಗ್ಲಿಷ್ ಅಷ್ಟಾಗಿ ಬಾರದ, ಕನ್ನಡ ಮಾಧ್ಯಮದಲ್ಲಿ ಓದಿದ ಯಾರಾದರೂ ಸೇರಲು ಬಯಸಿದರೆ ಸೇರಿಸಿಕೊಳ್ಳಿ. ಅವರಿಗೆ ಇಂಗ್ಲಿಷ್ ಕಾಲಮ್ ಮುಚ್ಚಿ, ಫೋಟೋ ಮತ್ತು ಸ್ಪ್ಯಾನಿಷ್ ಮಾತ್ರ ತೋರಿಸಿ. ಉಚ್ಚಾರದಲ್ಲಿ ಅವರು ನಿಮಗಿಂತ ಮುಂದೆ ಹೋದರೂ ಹೋಗಬಹುದು: ಸ್ಪ್ಯಾನಿಷ್‌ನ ತ, ಪ, ಕ ನಮ್ಮವೇ, ಉಸಿರು ಬೆರೆಸದ ಅಲ್ಪಪ್ರಾಣಗಳು. ಇಂಗ್ಲಿಷ್ ಅಭ್ಯಾಸದಿಂದ ‘ಟ್ವೆರ್ಕಾ’ ಎನ್ನುವವರ ನಾಲಿಗೆಯನ್ನೇ ಮತ್ತೆ ತಿರುಗಿಸಬೇಕಾಗುತ್ತದೆ.